ಕಿಪ್ಲಿಂಗ್‌ನನ್ನು ತಳ್ಳಿಹಾಕುವ ಮುಂಚೆ

ಗೆಳೆಯಾ,

ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಸಾಮ್ರಾಜ್ಯದ ತುತ್ತೂರಿ, ಅವನನ್ನು ಓದುವುದೇ ಬೇಡ ಅಂದೆಯಲ್ಲ. ಬ್ರಿಟಿಷ್ ಆಳ್ವಿಕೆಯ ಪರ ನಿಂತವನು ಅನ್ನೋದರಲ್ಲಿ ನನಗೂ ತಕರಾರಿಲ್ಲ. ಆದರೆ ಲಾಹೋರಿನ ಫ್ರೀಮೇಸನ್ ಲಾಡ್ಜನ್ನು, ಅಂದರೆ ಗುಟ್ಟಿನ ಆಚರಣೆಗಳಿರುವ ಒಂದು ಸೋದರ ಸಂಘದ ಅಲ್ಲಿನ ಶಾಖೆಯನ್ನು, ಬಿಟ್ಟು ಅವನನ್ನು ಅಳೆಯೋಕೆ ಆಗಲ್ಲ.

1886ರಲ್ಲಿ ಅವನು ಅಲ್ಲಿನ ಹೋಪ್ ಅಂಡ್ ಪರ್ಸಿವರೆನ್ಸ್ ಲಾಡ್ಜಿಗೆ ಸೇರಿದ. ಆಗಿನ್ನೂ 20 ವರ್ಷ, ಸೇರೋಕೆ 21 ತುಂಬಿರಬೇಕಿತ್ತು. ಲಾಡ್ಜಿಗೆ ಒಳ್ಳೆಯ ಸೆಕ್ರೆಟರಿ ಬೇಕಿದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದ ಈ ಹುಡುಗನಿಗೆ ನಿಯಮ ಸಡಿಲ ಮಾಡಿದರು. ಮೊದಲ ದೀಕ್ಷೆ ಕೊಟ್ಟವನು ಬ್ರಹ್ಮಸಮಾಜದ ಹಿಂದೂ, ಎರಡನೆಯದು ಮುಸಲ್ಮಾನ, ಮೂರನೆಯದು ಇಂಗ್ಲಿಷಿನವನು, ಬಾಗಿಲು ಕಾಯುತ್ತಿದ್ದವನು ಯಹೂದಿ ಅಂತ ಅವನೇ ಮುಂದೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ಭಾರತ ಬಿಟ್ಟು ಹೋದಮೇಲೆ ಬರೆದ 'ದಿ ಮದರ್ ಲಾಡ್ಜ್' ಪದ್ಯವನ್ನು ನೀನು ಓದಲೇಬೇಕು. ಸ್ಟೇಷನ್ ಮಾಸ್ಟರ್, ಜೈಲಿನಲ್ಲಿ ಕೆಲಸ ಮಾಡುವವನು, ಲೆಕ್ಕ ಬರೆಯುವ ಭೋಲಾನಾಥ್, ಏಡನ್ನಿನ ಯಹೂದಿ, ಸರ್ವೆ ಆಫೀಸಿನ ದೀನ್ ಮಹಮ್ಮದ್, ಸಿಖ್ಖರ ಅಮೀರ್ ಸಿಂಗ್, ಎಲ್ಲರೂ ಅಲ್ಲಿ ಬರುತ್ತಾರೆ. ಹೊರಗೆ ಸೆಲ್ಯೂಟು, ಸಲಾಮು. ಒಳಗೆ ಕಾಲಿಟ್ಟರೆ ಬ್ರದರ್. ಯಾರ ಜಾತಿ ಕೆಡುತ್ತದೋ ಅಂತ ಅವರು ಔತಣ ಮಾತ್ರ ಇಟ್ಟುಕೊಳ್ಳುವುದಿಲ್ಲ. ಸುಮ್ನೆ ಕೂತು ತಿರುಚ್ಚಿಯ ಚುಟ್ಟಾ ಸೇದುತ್ತಾ, ಅವರವರಿಗೆ ಗೊತ್ತಿರುವ ದೇವರ ಬಗ್ಗೆ ಬೆಳಗಿನ ತನಕ ಮಾತಾಡುತ್ತಾರೆ. ಒಟ್ಟಿಗೆ ಉಣ್ಣಲಾಗದವರು ಒಟ್ಟಿಗೆ ಹೊಗೆ ಬಿಡುತ್ತಾ ಕೂತಿರುವ ಈ ಚಿತ್ರ, ಅಂಥ ರಾತ್ರಿಗಳನ್ನು ಹತ್ತಿರದಿಂದ ಕಂಡವನಿಗಷ್ಟೇ ಬರೆಯೋಕೆ ಸಾಧ್ಯ ಅನಿಸುತ್ತದೆ ನನಗೆ.

'ಕಿಮ್' ಕಾದಂಬರಿಯಲ್ಲೂ ಅಷ್ಟೇ, ಹುಡುಗನ ಕೊರಳ ತಾಯಿತದಲ್ಲಿರುವ ಅಪ್ಪನ ಮೇಸನ್ ಕಾಗದಗಳಿಂದಲೇ ರೆಜಿಮೆಂಟಿನವರಿಗೆ ಅವನ ಗುರುತು ಸಿಗುವುದು.

ಆದರೆ 1888ರ 'ದಿ ಮ್ಯಾನ್ ಹೂ ವುಡ್ ಬಿ ಕಿಂಗ್' ಕಥೆಯೇ ನನ್ನನ್ನು ಜಾಸ್ತಿ ಕಾಡುವುದು. ಇಬ್ಬರು ಬಿಳಿಯರು ರಾಜರಾಗುವ ಆಸೆಯಿಂದ ಅಫ್ಘಾನಿಸ್ತಾನದ ಬೆಟ್ಟಸೀಮೆಯಾದ ಕಾಫಿರಿಸ್ತಾನಕ್ಕೆ ಹೋಗುತ್ತಾರೆ. ಅವರಲ್ಲೊಬ್ಬನಾದ ಡ್ರಾವಟ್ ತೊಟ್ಟ ಮೇಸನ್ ಏಪ್ರನ್ನಿನ ಗುರುತು ಅಲ್ಲಿಯ ಗುಡಿಯ ಕಲ್ಲಿನ ಅಡಿಯಲ್ಲೂ ಇರುತ್ತದೆ. ಪೂಜಾರಿಗಳು ಕಾಲಿಗೆ ಬೀಳುತ್ತಾರೆ, ಇವನು ದೇವರೇ ಆಗಿಬಿಡುತ್ತಾನೆ. ಕೊನೆಗೆ ಮದುವೆಯ ಹುಡುಗಿ ಹೆದರಿ ಕಚ್ಚುತ್ತಾಳೆ. ರಕ್ತ ಬರುತ್ತದೆ, ಇವನೂ ಮನುಷ್ಯನೇ ಅಂತ ಎಲ್ಲರಿಗೂ ತಿಳಿದುಹೋಗುತ್ತದೆ. ಲಾಹೋರಿನಲ್ಲಿ ಸಮಾನರನ್ನು ಕೂಡಿಸಿದ ಅದೇ ಗುಟ್ಟು ಇಲ್ಲಿ ಜನರನ್ನು ಆಳುವ ಆಯುಧ. ಎರಡನ್ನೂ ಬರೆದವನು ಒಬ್ಬನೇ ಅಲ್ವಾ? ಬಾಗಿಲೊಳಗಿನ ಸಮಾನತೆಯನ್ನು ಮನಸಾರೆ ಪ್ರೀತಿಸಿದವನು ಅದನ್ನು ಬೀದಿಗೆ ತರಬೇಕು ಅಂತ ಮಾತ್ರ ಕೇಳಲಿಲ್ಲ. ಅವನ ಮೇಲೆ ನನಗೆ ಸಿಟ್ಟಿದ್ದರೆ ಅದು ಇಲ್ಲೇ.

ಮೊದಲು ಕಥೆ ಓದು, ಆಮೇಲೆ ಪದ್ಯ. ಎರಡೂ ಮುಗಿದ ಮೇಲೆ ಫೋನ್ ಮಾಡು, ಜಗಳ ಮುಂದುವರಿಸೋಣ.

ನಿನ್ನ ಗೆಳೆಯ