ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆ ಅಕ್ಕನಿಗೆ ಧನ್ಯವಾದ

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಅಮ್ಮನನ್ನು ಹಿಡಿದು ಕೂರಿಸಿದ ಅಕ್ಕಾ, ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ವಿಪರೀತ ತಲೆನೋವು, ವಾಂತಿ. ಸುತ್ತ ಇದ್ದವರೆಲ್ಲ ಪಿತ್ತ ಅಂದರು. ನೀವು ಮಾತ್ರ ಮೊಬೈಲ್ ಟಾರ್ಚ್ ಹಾಕಿ ಕಣ್ಣು ನೋಡಿದಿರಿ. ಬಲಗಣ್ಣು ಕೆಂಪು, ಪಾಪೆ ಬೆಳಕಿಗೂ ಕಿರಿದಾಗಲಿಲ್ಲ.

"ದೀಪದ ಸುತ್ತ ಬಣ್ಣದ ಬಳೆ ಕಾಣ್ತದಾ ಅಮ್ಮಾ?" ಅಂತ ಕೇಳಿದಿರಿ. ಅಮ್ಮ ಹೂಂ ಅಂದದ್ದೇ ತಡ, ರಿಕ್ಷಾ ಕರೆದು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಿರಿ.

ಅದು ದಿಢೀರ್ ಬರುವ ಗ್ಲುಕೋಮಾ. ಕಣ್ಣೊಳಗಿನ ನೀರು ಹರಿಯುವ ದಾರಿ ಮುಚ್ಚಿ ಒತ್ತಡ 50 ದಾಟಿತ್ತು. ಇರಬೇಕಾದ್ದು 10ರಿಂದ 21. ತಡವಾಗಿ ಕಣ್ಣಿನ ನರ ಸತ್ತರೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲವಂತೆ. ಡ್ರಾಪ್ಸ್, ಮಾತ್ರೆಯಲ್ಲಿ ಒತ್ತಡ ಇಳಿಸಿ, ಆಮೇಲೆ ಆ ನೀರು ಹರಿಯಲು ಲೇಸರಿನಿಂದ ಕಣ್ಣಿನೊಳಗೆ ಸಣ್ಣ ತೂತು ಮಾಡಿದರು. ಮುಂಜಾಗ್ರತೆಗೆ ಇನ್ನೊಂದು ಕಣ್ಣಿಗೂ.

ಅಮ್ಮ ಈಗ ಮೊದಲಿನ ಹಾಗೆ ಮಲ್ಲಿಗೆ ಕಟ್ಟುತ್ತಿದ್ದಾರೆ. ಎಲ್ಲಾದರೂ ಕಂಡರೆ ಮಾತಾಡಿಸಿ ಅಕ್ಕಾ, ಒಂದು ಅಟ್ಟೆ ಮಲ್ಲಿಗೆ ನಿಮಗೇ.