ತಪ್ಪು ತೋರಿಸಿಕೊಟ್ಟವರಿಗೆಲ್ಲ

ನನ್ನ ಮೊದಲ ಕಾದಂಬರಿಯ 500 ಪ್ರತಿ ಕಳೆದ ವಾರ ಮುಗಿಯಿತು. ಇವತ್ತು ಎರಡನೇ ಮುದ್ರಣ ಪ್ರೆಸ್ಸಿಗೆ ಹೋಯಿತು. ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ಪತ್ತೇದಾರಿ ಕಥೆ ಬರೆದರೆ ಯಾರು ಓದುತ್ತಾರೆ ಅಂತ ತುಂಬಾ ಜನ ಕೇಳಿದ್ದರು. ಮಕ್ಕಳು ಓದಿದರು. ಆದರೆ ಅವರ ಕೈಗೆ ಹೋದ ಪುಸ್ತಕ ನಾನು ಮೊದಲು ಬರೆದದ್ದಲ್ಲ. ನಡುವೆ ಎಷ್ಟೋ ಜನ ಅದನ್ನು ತಿದ್ದಿಸಿದರು. ಅವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವಾತಿಗೆ 16 ವರ್ಷ. ಉಡುಪಿಯಲ್ಲಿ ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಒಂದು ದಿನ ವಕೀಲರ ಪತ್ರ ಬರುತ್ತದೆ. ಅವಳು ಯಾವತ್ತೂ ಕಂಡಿರದ ಒಬ್ಬ ಅಜ್ಜಿ ಮಂಗಳೂರಿನ ಹೊಳೆಬದಿಯ ಹಳೇ ಹಂಚಿನ ಮನೆಯನ್ನು ಇವಳ ಹೆಸರಿಗೆ ಬರೆದಿಟ್ಟು ತೀರಿಕೊಂಡಿದ್ದಾರೆ. ಯಾರು ಆ ಅಜ್ಜಿ? ಅವರ ಹೆಸರು ಬಂದ ಕೂಡಲೇ ಮನೆಯವರೆಲ್ಲ ಮಾತು ಬದಲಿಸುವುದು ಯಾಕೆ? ಉತ್ತರ ಇಲ್ಲಿ ಬೇಡ, ಪುಸ್ತಕದಲ್ಲಿದೆ.

ಮೊದಲ ವಂದನೆ ಮಂಗಳೂರಿನ ಜೆಪ್ಪುವಿನ ಒಬ್ಬ ಅಜ್ಜನಿಗೆ. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಕರಡಿನಲ್ಲಿ ಸ್ವಾತಿ ಮಾಡಿನಿಂದ, ಅಂದರೆ ಮನೆಯ ಚಾವಣಿಯಿಂದ, ಜಾರಿ ಬಿದ್ದ ಒಂದು ಹಂಚನ್ನು ಎತ್ತಿ ನೋಡುತ್ತಾಳೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಅಚ್ಚು, ಜೊತೆಗೆ 1865. ಹಾಗಾದರೆ ಈ ಮನೆ 1865ರದ್ದು ಅಂತ ಲೆಕ್ಕ ಹಾಕುತ್ತಾಳೆ. ನನ್ನ ಕಥೆಯ ಅರ್ಧ ಭಾಗ ಆ ಲೆಕ್ಕದ ಮೇಲೇ ನಿಂತಿತ್ತು.

ಅಜ್ಜ ಪೂರ್ತಿ ಕೇಳಿದರು. ಏನೂ ಹೇಳದೆ ಹಿತ್ತಲಿಗೆ ಹೋಗಿ ಒಂದು ಹಳೇ ಹಂಚು ತಂದರು. ಪಾಚಿ ಕಟ್ಟಿ ಕಪ್ಪಾಗಿತ್ತು. ಚೆಂಬಿನಿಂದ ನೀರು ಹೊಯ್ದು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದರು. ಕೆಂಪು ಬಂತು, ಆಮೇಲೆ ಒಂದೊಂದೇ ಅಕ್ಷರ ಎದ್ದು ಬಂತು. ಅದೇ 1865. "ಇದು ಹಂಚು ಸುಟ್ಟ ವರ್ಷ ಅಲ್ಲ ಮಗಾ, ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟು ವರ್ಷ ಕಳೆದು ಮಾಡಿದ ಹಂಚಿಗೂ ಇದೇ ಅಚ್ಚು" ಅಂದರು. ಮಿಷನ್ನಿನವರು ಇಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಇಸವಿ ಅದು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆ ಅವರ ಕೈತಪ್ಪಿತು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅಂತ ಹೆಸರಾಯಿತು. ಮಿಷನ್ನಿನ ಅಚ್ಚಿದ್ದರೆ ಅದಕ್ಕಿಂತ ಮೊದಲಿನ ಹಂಚು ಅಂತ ಹೇಳಬಹುದು, ಅಷ್ಟೇ.

ನಾನು ಸುಮ್ನೆ ಕೂತುಬಿಟ್ಟೆ. ಅಜ್ಜ ಹಂಚನ್ನು ಅಂಗೈ ಮೇಲೆ ಇಟ್ಟುಕೊಂಡು ಬೆರಳ ಗೆಣ್ಣಿನಿಂದ ಬಡಿದರು. ಠಣ್ ಅಂತು. "ಸರಿಯಾಗಿ ಬೆಂದಿದೆ. ಸೀಳು ಬಿಟ್ಟರೆ ಈ ಸ್ವರ ಬರುವುದಿಲ್ಲ" ಅಂದರು. ಆಮೇಲೆ ಅವರೇ ಒಂದು ಮಾತು ಸೇರಿಸಿದರು. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸುವಾಗ ಸಿಕ್ಕಿದ ಕಾರ್ಖಾನೆಯದ್ದು ಹಾಕುತ್ತಾರೆ. ಹಾಗಾಗಿ ಮಾಡು ಎಲ್ಲೆಲ್ಲಿ ಬಿಚ್ಚಿದ್ದಾರೆ ಅಂತ ಅಚ್ಚು ನೋಡಿದರೆ ಗೊತ್ತಾಗುತ್ತದೆ.

ನನ್ನ ಕಾದಂಬರಿಯ ಗಂಟು ಬಿಚ್ಚಿದ್ದು ಆ ಒಂದು ಮಾತು. ಈಗಿನ ಪುಸ್ತಕದಲ್ಲಿ ಸ್ವಾತಿ ಅದೇ ತಪ್ಪು ಲೆಕ್ಕ ಹಾಕುತ್ತಾಳೆ, ಒಬ್ಬ ಅಜ್ಜ ಅದನ್ನು ತಿದ್ದುತ್ತಾರೆ. ಆಮೇಲೆ ಅವಳು ಅಟ್ಟಕ್ಕೆ ಏಣಿ ಇಟ್ಟು, ಹಂಚು ಹೊರುವ ಪಕಾಸು ರೀಪುಗಳ ನಡುವೆ ತಲೆ ಎತ್ತಿ, ಬೇರೆ ಅಚ್ಚಿನ ಹಂಚು ಎಲ್ಲಿದೆ ಅಂತ ಹುಡುಕುತ್ತಾಳೆ. ಓದಿದವರೆಲ್ಲ ಇಷ್ಟಪಟ್ಟ ಅಧ್ಯಾಯ ಅದು. ಅಜ್ಜ, ಅದು ನಿಮ್ಮದೇ.

ಉಡುಪಿಯ ವಕೀಲ ಮಾಮ ಇಲ್ಲದಿದ್ದರೆ ಕಾನೂನಿನ ಕಡೆಯಿಂದ ಕಥೆ ಬಿದ್ದೇ ಹೋಗುತ್ತಿತ್ತು. ಇದರಲ್ಲಿ ಎರಡು ವೀಲುನಾಮೆಗಳಿವೆ. ಹಳೆಯದಕ್ಕೆ ನಾನು 1951ರ ತಾರೀಕು ಹಾಕಿದ್ದೆ. ಮನೆ ಅಳಿಯಕಟ್ಟಿನ ಕುಟುಂಬದ್ದು. ಅಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ಕವರು ಕವರಾಗಿ, ಅಂದರೆ ಒಬ್ಬೊಬ್ಬ ತಾಯಿಯ ಸಂತಾನದ ಕವಲಾಗಿ, ಪಾಲಾಗುತ್ತದೆ. ಕವರಿನಲ್ಲಿ ತನಗಿರುವ ಹಕ್ಕನ್ನು ಒಬ್ಬರು ವೀಲುನಾಮೆಯಲ್ಲಿ ಬರೆದುಕೊಡಬಹುದು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಸ್ಪಷ್ಟವಾಗಿ ಹೇಳಿತು. "ತಾರೀಕನ್ನು ಅದರ ಆಚೆಗೆ ಹಾಕು, ಯಾರೂ ನಿನ್ನ ಕಥೆಯನ್ನು ಪ್ರಶ್ನೆ ಮಾಡುವ ಹಾಗಿರಬಾರದು" ಅಂದರು. 1961 ಮಾಡಿದೆ. ಒಬ್ಬಳ ಮದುವೆ, ಇನ್ನೊಬ್ಬರ ಮುಂಬಯಿ ಪ್ರಯಾಣ, ಎಲ್ಲವನ್ನೂ 10 ವರ್ಷ ಮುಂದೆ ತಳ್ಳಬೇಕಾಯಿತು. ಎರಡು ತಿಂಗಳ ಕೆಲಸ.

ಸ್ವಾತಿಗೆ 18 ತುಂಬುವವರೆಗೆ ಕೋರ್ಟಿನ ಅನುಮತಿ ಇಲ್ಲದೆ ಅವಳ ಅಮ್ಮನೂ ಆ ಮನೆಯನ್ನು ಮಾರುವ ಹಾಗಿಲ್ಲ ಅಂತ ಹೇಳಿದ್ದೂ ಅವರೇ. ಮನೆ ಮಾರಿಸಲು ಅವಸರ ಮಾಡುವ ಸಂಬಂಧಿಕ ಹಾಗೆ ಕಥೆಯೊಳಗೆ ಬಂದ. ಇಷ್ಟೆಲ್ಲ ಮಾಡಿ ಮಾಮ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಸಂಜೆ ಚಾ ಕುಡಿಸಿ ಕಳಿಸಿದರು.

ಅಮ್ಮನಿಗೆ ಏನು ಹೇಳಲಿ? ಅವರು ಹಾಸಿಗೆ ಹಿಡಿದ ವರ್ಷವೇ ನಾನು ಇದನ್ನು ಬರೆಯುತ್ತಿದ್ದೆ. ಹಸ್ತಪ್ರತಿ ಒಬ್ಬ ಪ್ರಕಾಶಕರ ಹತ್ತಿರ 14 ತಿಂಗಳಿತ್ತು. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಬರೆಯುವುದೇ ಬೇಡ ಅಂತ ನಾನು ಕಾಗದವೆಲ್ಲ ಕಪಾಟಿಗೆ ಹಾಕಿದ್ದೆ. ಅಮ್ಮ ಒಂದು ರಾತ್ರಿ, "ಆ ಹುಡುಗಿ ಏಣಿ ಹತ್ತಿದಳಲ್ಲ, ಮತ್ತೆ ಇಳಿದಳಾ?" ಅಂತ ಕೇಳಿದರು. ನಾನು ಇನ್ನೂ ಇಳಿಸಿರಲಿಲ್ಲ. ಆ ರಾತ್ರಿಯೇ ಕೂತು ಬರೆದೆ. ಅಳಿಯಕಟ್ಟು ಹೇಗೆ ಬಂತು ಅಂತ ಹೇಳುವ ಭೂತಾಳ ಪಾಂಡ್ಯನ ಕಥೆಯನ್ನು ಹೇಳಿದ್ದೂ ಅಮ್ಮನೇ. ರಾಜನ ಹೆಂಡತಿ ತನ್ನ ಮಕ್ಕಳನ್ನು ಬಲಿಗೆ ಕೊಡಲು ಒಪ್ಪದಿದ್ದಾಗ ತಂಗಿ ತನ್ನ ಮಗನನ್ನು ಕೊಟ್ಟಳಂತೆ. ಅಂದಿನಿಂದ ಆಸ್ತಿ ಮಗನಿಗೆ ಹೋಗದೆ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಹೋಯಿತಂತೆ. ಇತಿಹಾಸ ಏನೇ ಹೇಳಲಿ, ನಮ್ಮ ಕಡೆ ಮಕ್ಕಳು ಕೇಳಿ ಬೆಳೆದದ್ದು ಹೀಗೆ. ಪುಸ್ತಕದಲ್ಲೂ ಹಾಗೇ ಇಟ್ಟಿದ್ದೇನೆ.

ಕಾಪು ಕಡೆಯ ಒಂದು ಸರಕಾರಿ ಹೈಸ್ಕೂಲಿನ ಕನ್ನಡ ಟೀಚರು ವಾರಕ್ಕೆ ಒಂದು ಪಿರಿಯಡ್ ಬಿಟ್ಟುಕೊಟ್ಟು ನನ್ನ ಕರಡನ್ನು ಓದಿಸಿದರು. ಒಂಬತ್ತನೇ ಕ್ಲಾಸಿನ ಒಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತಳು. "ಅಕ್ಕ, ಅಷ್ಟು ಮಳೆಗಾಲ ಕಳೆದರೂ ಅಟ್ಟದಲ್ಲಿದ್ದ ಕಾಗದವನ್ನು ಗೆದ್ದಲು ತಿನ್ನಲಿಲ್ವಾ?" ನಾನು ತಬ್ಬಿಬ್ಬಾದೆ. ಕರಾವಳಿಯಲ್ಲಿ ಹುಟ್ಟಿದ ನನಗೇ ಅದು ಹೊಳೆದಿರಲಿಲ್ಲ. ಪಕ್ಕದವಳು, "ಉಪ್ಪಿನಕಾಯಿ ಭರಣಿಯಲ್ಲಿಟ್ಟು ಬಾಯಿಗೆ ಮೇಣ ಹಾಕಿದರೆ?" ಅಂದಳು. ಪುಸ್ತಕ ಓದಿದವರಿಗೆ ಆ ಭರಣಿ ಗೊತ್ತು. ಮಕ್ಕಳೇ, ಅದು ನಿಮ್ಮ ಕ್ಲಾಸಿನದ್ದು. ನಿಮ್ಮ ಲೈಬ್ರರಿಗೆ ಐದು ಪ್ರತಿ ಕಳಿಸಿದ್ದೇನೆ, ಹರಿದು ಹೋಗುವಷ್ಟು ಓದಿ.

ಕಡಿಮೆ ಖರ್ಚಲ್ಲಿ ಅಚ್ಚು ಹಾಕಿಕೊಟ್ಟ ಮಂಗಳೂರಿನ ಪುಟ್ಟ ಪ್ರೆಸ್ಸಿನವರಿಗೆ, ಬ್ಯಾಗಿನಲ್ಲಿ ಪುಸ್ತಕ ಹೊತ್ತು ಶಾಲೆ ಶಾಲೆ ತಿರುಗಿದ ಗೆಳತಿಯರಿಗೆ ನಮಸ್ಕಾರ.

ಮೊನ್ನೆ ಕುಂದಾಪುರದಿಂದ ಒಬ್ಬ ಓದುಗರು ಫೋನ್ ಮಾಡಿದ್ದರು. ತುಂಬಾ ಖುಷಿಯಿಂದ ಮಾತಾಡಿ, ಕೊನೆಗೆ, "ಬೇಜಾರು ಮಾಡ್ಕೊಬೇಡಿ, ನವರಾತ್ರಿಗೆ ಸ್ವಾತಿ ಹಲಸಿನ ಹಣ್ಣು ಎಲ್ಲಿಂದ ತಿಂದಳು?" ಅಂತ ಕೇಳಿದರು. ಬೇಜಾರು ಖಂಡಿತ ಇಲ್ಲ. ಎರಡನೇ ಮುದ್ರಣದಲ್ಲಿ ಹಣ್ಣು ತೆಗೆದಿದ್ದೇನೆ. ಸ್ವಾತಿ ಈಗ ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಸುಟ್ಟು ತಿನ್ನುತ್ತಾಳೆ.