ಸಂತೆಪೇಟೆಯಲ್ಲಿ ಸಿಕ್ಕಿದ ಆ ಅಮ್ಮನಿಗೆ

ಅವತ್ತು ನಿಮ್ಮ ಹೆಸರು ಕೇಳಲಿಲ್ಲ, ತಪ್ಪಾಯ್ತು. ಹಾಸನದ ಸಂತೆಪೇಟೆಯಲ್ಲಿ ಪ್ಲಾಸ್ಟಿಕ್ ಟಬ್ಬಿಗೆ ಚೌಕಾಸಿ ಮಾಡುತ್ತಿದ್ದೆ. ‘ನೈದಿಲೆಗಾ? ಹಾಗಾದರೆ ಅಗಲದ್ದು ತಗೊಳಮ್ಮ’ ಎಂದಿರಿ. ಬಸ್ಸಿಗೆ ಹೊತ್ತಾಗುತ್ತಿದ್ದರೂ ನಿಂತು ಎಲ್ಲ ಹೇಳಿಕೊಟ್ಟಿರಿ.

ಅಷ್ಟರಲ್ಲಾಗಲೇ ನನ್ನ ಎರಡು ಗಿಡ ಕೊಳೆತುಹೋಗಿದ್ದವು. ಕಾರಣ ಹಿಡಿದವರು ನೀವೇ. ನಾನು ಹಾಕಿದ್ದು ಕುಂಡದ ಗಿಡಗಳಿಗೆ ಹಾಕುವ ಕಾಂಪೋಸ್ಟ್, ಕೋಕೋಪೀಟ್. ಅದು ತೇಲುತ್ತದೆ, ಕೊಳೆತು ನೀರನ್ನೂ ಕೆಡಿಸುತ್ತದೆ. ಜಿಗುಟಾದ ಕೆರೆ ಮಣ್ಣೇ ಸಾಕು ಎಂದಿರಿ. ನೀವು ಹೇಳಿದಂತೆ ಗೆಡ್ಡೆಯನ್ನು ಓರೆಯಾಗಿಟ್ಟು, ಚಿಗುರುವ ತುದಿಯನ್ನು ಮಣ್ಣಿನಿಂದ ಹೊರಗೆ ಬಿಟ್ಟೆ. ಮೇಲೆ ಸಣ್ಣ ಜಲ್ಲಿ ಹರಡಿದೆ. ಮೊದಲು ತುದಿಯ ಮೇಲೆ 4 ಇಂಚು ನೀರು, ಎಲೆ ಬೆಳೆದಂತೆ ಇನ್ನೂ ಜಾಸ್ತಿ. ಟಬ್ಬನ್ನು ತಾರಸಿಯಲ್ಲಿ ದಿನಕ್ಕೆ 6 ಗಂಟೆ ಬಿಸಿಲು ಬೀಳುವ ಮೂಲೆಗೆ ಸರಿಸಿದೆ.

ನೀರು ಹಸಿರಾದಾಗ ಗಾಬರಿಯಾಯ್ತು, ಚೆಲ್ಲಿಬಿಡೋಣ ಅನ್ನಿಸಿತು. ‘ಪದೇ ಪದೇ ನೀರು ಬದಲಾಯಿಸಬೇಡ, ಎಲೆ ಹರಡಿ ನೆರಳಾದರೆ ತಿಳಿಯಾಗುತ್ತೆ’ ಅಂದಿದ್ರಲ್ವಾ? ಅದು ನೆನಪಾಗಿ ಸುಮ್ನಾದೆ. ಹಾಗೇ ಆಯ್ತು. ಸೊಳ್ಳೆ ಮರಿಗಳನ್ನು ಗಪ್ಪಿ ಮೀನುಗಳು ತಿಂದು ಮುಗಿಸಿದವು.

ನಿನ್ನೆ ಬೆಳಿಗ್ಗೆ ಮೊದಲ ಹೂ ಅರಳಿತು, ತಿಳಿ ಗುಲಾಬಿ ಬಣ್ಣದ್ದು. ಸಂಜೆ ಮುಚ್ಚಿಕೊಂಡು ಇವತ್ತು ಮತ್ತೆ ತೆರೆದಿದೆ. ಮಂಡಿನೋವಿದ್ದರೂ ನಮ್ಮತ್ತೆ ಎರಡು ಸಲ ಮೆಟ್ಟಿಲು ಹತ್ತಿ ಬಂದು ನೋಡಿದರು.

ತುಂಬಾ ಥ್ಯಾಂಕ್ಸ್ ಅಮ್ಮಾ. ಗೆಡ್ಡೆ ಮರಿ ಹಾಕಿದಾಗ ಮೊದಲನೆಯದು ನಿಮಗೇ. ಟಬ್ಬಿನ ಅಂಗಡಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ.